ಮೂರನೇ ವರ್ಷದ ವಿಂಗಡಣೆ: ರುಮೇನಿಯದ ಅಂಗವಿಕಲ ಮಕ್ಕಳ ಚರಿತ್ರೆ ಮತ್ತು ಒಂದು ತಪ್ಪು ಓದು

ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಷೆಸ್ಕು ಕಾಲದ ರುಮೇನಿಯದ ಮಕ್ಕಳ ಗೃಹಗಳ ಬಗ್ಗೆ 1990ರಿಂದೀಚೆಗೆ ಒಂದೇ ವಿವರಣೆ ಬಾಯಿಪಾಠವಾಗಿದೆ. 1966ರ 770ನೇ ಆಜ್ಞೆ ಗರ್ಭಪಾತವನ್ನು ನಿಷೇಧಿಸಿತು, ಬೇಡದ ಮಕ್ಕಳು ಹುಟ್ಟಿದರು, ಬಡ ತಂದೆತಾಯಿ ತೊರೆದರು, ಬಡ ದೇಶದ ಕೈಯಲ್ಲಿ ಸಾಕಲಾಗಲಿಲ್ಲ. (ಸಂತಾನ ನೀತಿಯ ಬಗ್ಗೆ ಸಮಾಜಶಾಸ್ತ್ರಜ್ಞೆ ಗೇಲ್ ಕ್ಲಿಗ್‌ಮನ್ ಬರೆದದ್ದು ಅಳ್ಳಾಡುವಂಥದ್ದಲ್ಲ, ಆ ನೀತಿಯೊಂದರಿಂದಲೇ ಎಲ್ಲವನ್ನೂ ವಿವರಿಸಹೊರಟವರ ಮೇಲಷ್ಟೇ ನನ್ನ ತಕರಾರು.)

ಮೊದಲು ಅಂಕಿಗಳನ್ನು ನೋಡೋಣ. 1966ರಲ್ಲಿ 2,73,678 ಇದ್ದ ಜನನ ಮರುವರ್ಷ 5,27,764ಕ್ಕೆ ಜಿಗಿಯಿತು. 1983ರ ಹೊತ್ತಿಗೆ 3.2 ಲಕ್ಷದ ಆಸುಪಾಸಿಗೆ ಇಳಿದಿತ್ತು. ಅಂಗವಿಕಲ ಮಕ್ಕಳನ್ನು ಇಟ್ಟಿದ್ದ ಬಿಹೋರ್ ಜಿಲ್ಲೆಯ ಚಿಗಿದ್ ಗೃಹ ಶುರುವಾದದ್ದು 1987ರಲ್ಲಿ. ಆಜ್ಞೆಯ ಮೊದಲ ಅಲೆಯಲ್ಲಿ ಹುಟ್ಟಿದವರಿಗೆ ಆಗ ಇಪ್ಪತ್ತು ವರ್ಷ. ಇನ್ನು ಬಡತನದ ಮಾತು. ಅದೇ ದಶಕದಲ್ಲಿ ಸರ್ಕಾರ ಆಹಾರವನ್ನು ರಫ್ತು ಮಾಡಿ, ಸುಮಾರು 1,000 ಕೋಟಿ ಡಾಲರ್ ವಿದೇಶಿ ಸಾಲವನ್ನು 1989ರೊಳಗೆ ತೀರಿಸಿತು. ಕೊರತೆ ಇತ್ತು, ನಿಜ. ಅದು ಯಾರ ತಟ್ಟೆಯಲ್ಲಿ ಬೀಳಬೇಕೆಂಬುದು ಮಾತ್ರ ಆಡಳಿತದ ತೀರ್ಮಾನ.

ಆ ತೀರ್ಮಾನಕ್ಕೆ ಬುನಾದಿ 1970ರ 3ನೇ ಕಾನೂನು. ಆಜ್ಞೆಯನ್ನು ಪುಟಗಟ್ಟಲೆ ಚರ್ಚಿಸುವವರು ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಈ ಏರ್ಪಾಟಿನಲ್ಲಿ ಮೂರು ವರ್ಷದವರೆಗೆ ಮಗು ಆರೋಗ್ಯ ಸಚಿವಾಲಯದ ಶಿಶುಗೃಹದಲ್ಲಿ ಇರುತ್ತಿತ್ತು. ಆಮೇಲೆ ಮಂಡಳಿಯೊಂದರಿಂದ ವಿಂಗಡಣೆ. ಕಲಿತು ದುಡಿಯಬಲ್ಲವರು ಶಿಕ್ಷಣ ಇಲಾಖೆಯ ಗೃಹಗಳಿಗೆ. 'ಸುಧಾರಿಸಲಾಗದವರು' ಎಂಬ ಷರಾ ಬಿದ್ದವರು 'ಕಮಿನ್ ಸ್ಪಿತಾಲ್' ಎಂಬ ಆಸ್ಪತ್ರೆ-ವಸತಿಗೃಹಕ್ಕೆ. ಎರಡನೆಯ ಗುಂಪಿಗೆ ಶಾಲೆಯೂ ಇಲ್ಲ, ಚಿಕಿತ್ಸೆಯೂ ಅಷ್ಟಕ್ಕಷ್ಟೆ.

ವಿವಾದ ಹುಟ್ಟುವುದು ಇಲ್ಲಿ. ಇಜಿದೋರ್ ರುಕೆಲ್ ಅವರ ಆತ್ಮಕಥನ ಒಳಗಿದ್ದವರೊಬ್ಬರ ಅಪರೂಪದ ಸಾಕ್ಷ್ಯ. 1980ರಲ್ಲಿ ಹುಟ್ಟಿದ ಅವರಿಗೆ ಕೂಸಾಗಿದ್ದಾಗಲೇ ಪೋಲಿಯೊ ತಗುಲಿ ಒಂದು ಕಾಲು ಸೊರಗಿತು. ಮೂರು ವರ್ಷಕ್ಕೆ ಸಿಗೆತು ಮಾರ್ಮಾತ್ಸಿಯೆಯ ಕಮಿನ್ ಸ್ಪಿತಾಲ್ ಸೇರಿದವರು 1991ರಲ್ಲಿ ಅಮೆರಿಕದ ಕುಟುಂಬವೊಂದು ದತ್ತು ಪಡೆಯುವವರೆಗೂ ಅಲ್ಲೇ ಇದ್ದರು. ಬುದ್ಧಿ ಚುರುಕಾಗಿಯೇ ಇತ್ತು. ಇದನ್ನು 'ತಪ್ಪು ವಿಂಗಡಣೆ'ಗೆ ಪುರಾವೆಯಾಗಿ ಓದುವುದು ವಾಡಿಕೆ. ನನಗೆ ಈ ಓದು ಒಪ್ಪಿಗೆಯಿಲ್ಲ. ರುಕೆಲ್ ಅಲ್ಲಿರಬಾರದಿತ್ತು ಎಂದಷ್ಟೇ ಹೇಳಿ ನಿಲ್ಲಿಸಿದರೆ, ಪಕ್ಕದ ಮಂಚದ ತೀವ್ರ ಬುದ್ಧಿಮಾಂದ್ಯದ ಮಗು ಅಲ್ಲಿದ್ದದ್ದು ಸರಿ ಎಂದು ಒಪ್ಪಿದಂತೆಯೇ.

ಬುಖಾರೆಸ್ಟಿನ ಪ್ರಯೋಗವನ್ನೂ ಹೀಗೇ ಬಳಸಿಕೊಳ್ಳುತ್ತಾರೆ. ನೆಲ್ಸನ್, ಫಾಕ್ಸ್, ಝೀನಾ ಅವರ ತಂಡ 2000ದಲ್ಲಿ ಆರಂಭಿಸಿದ ಈ ಅಧ್ಯಯನದಲ್ಲಿ 136 ಮಕ್ಕಳಿದ್ದರು. ಅರ್ಧದಷ್ಟು ಮಕ್ಕಳನ್ನು ಚೀಟಿ ಎತ್ತಿದಂತೆ ಆರಿಸಿ ಪೋಷಕ ಕುಟುಂಬಗಳಿಗೆ ಕೊಡಲಾಯಿತು. ಅವರ ಬುದ್ಧಿಮಟ್ಟ ಏರಿತು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರದು ಹೆಚ್ಚು ಏರಿತು. ಗೃಹವೇ ಮಗುವನ್ನು ಕುಂಠಿಸುತ್ತದೆಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ. ಆದರೆ ಹುಟ್ಟಿನಿಂದಲೇ ಗಂಭೀರ ಆನುವಂಶಿಕ ತೊಂದರೆಯಿದ್ದ ಮಕ್ಕಳು ಅಧ್ಯಯನದ ಹೊರಗಿದ್ದರು. ತಂಡ ಇದನ್ನು ಮುಚ್ಚಿಟ್ಟಿಲ್ಲ. ಉಲ್ಲೇಖಿಸುವವರಿಗೆ ಮಾತ್ರ ಇದು ಕಣ್ಣಿಗೆ ಬಿದ್ದಂತಿಲ್ಲ. 'ಸುಧಾರಿಸಿದರು, ಆದ್ದರಿಂದ ಮನೆಗೆ ಅರ್ಹರು' ಎನ್ನುವ ವಾದ 1970ರ ಕಾನೂನಿನ ಅಳತೆಗೋಲನ್ನೇ ಕೈಯಲ್ಲಿ ಹಿಡಿದಿದೆ.

ಚಿಗಿದ್, ಪಸ್ತ್ರವೇನಿ, ಸಿಗೆತು ಈ ಮೂರು ಊರುಗಳ ಗೃಹಗಳಲ್ಲಿ ಸತ್ತ 771 ಮಕ್ಕಳ ಬಗ್ಗೆ ಕಮ್ಯುನಿಸ್ಟ್ ಕಾಲದ ಅಪರಾಧಗಳನ್ನು ತನಿಖೆ ಮಾಡುವ ಅಲ್ಲಿನ ಸರ್ಕಾರಿ ಸಂಸ್ಥೆ 2017ರಲ್ಲಿ ಕ್ರಿಮಿನಲ್ ದೂರು ಕೊಟ್ಟಿತು. ಚಳಿ, ಹಸಿವು, ಕೊಳಕು, ಸಿಗದ ಔಷಧಿ: ಇವುಗಳಲ್ಲಿ ಯಾವುದೂ ಅಂಗವೈಕಲ್ಯದ ಲಕ್ಷಣವಲ್ಲ. ಇವರಲ್ಲಿ 'ನಿಜವಾದ' ಅಂಗವಿಕಲರೆಷ್ಟು ಎಂದು ಎಣಿಸಹೊರಡುವ ಸಂಶೋಧಕ ವಿಂಗಡಣಾ ಮಂಡಳಿಯ ಕುರ್ಚಿಯಲ್ಲೇ ಕೂತು ಬರೆಯುತ್ತಿದ್ದಾನೆ. ಕೇಳಬೇಕಾದದ್ದು ಷರಾ ಸರಿಯಿತ್ತೇ ಎಂದಲ್ಲ. ಷರಾ ಬಿದ್ದ ಮೇಲೆ ಹಾಸಿಗೆ, ಊಟ, ವೈದ್ಯರು ಯಾರ ಅಪ್ಪಣೆಯಿಂದ ಕಡಿಮೆಯಾದರು ಎಂದು.