ಕೂರುವ ಜಾಗ ಯಾರದು?

ತರಗತಿಯ ಸಾಲು ಬೆಂಚು ತೆಗೀಬೇಕು, ಮಕ್ಕಳು ಸುತ್ತಾಗಿ ಕೂರಬೇಕು, ಆಗ ಹಿಂದಿನ ಬೆಂಚು ಅನ್ನೋದೇ ಇರೋಲ್ಲ ಅಂತ ಈಗ ಮಾತು ಎದ್ದಿದೆ. 2025ರಲ್ಲಿ 'ಸ್ಥಾನಾರ್ಥಿ ಶ್ರೀಕುಟ್ಟನ್' ಎಂಬ ಮಲಯಾಳಂ ಸಿನಿಮಾದಿಂದ ಪ್ರೇರಣೆ ಪಡೆದು ಕೇರಳದ ಕೆಲವು ಶಾಲೆಗಳು ಬೆಂಚುಗಳನ್ನು ಗೋಡೆಗುಂಟ ಸರಿಸಿದವು. ಒಳ್ಳೇದೇ, ಸರಿಸಲಿ. ಆದರೆ ಅದಕ್ಕೆ ಮುಂಚೆ ನಮ್ಮ ಕಡೆಯ ಚರಿತ್ರೆ ಒಂದಿಷ್ಟು ಕೇಳಬೇಕು. ಈ ದೇಶದ ಶಾಲೆಯಲ್ಲಿ ಯಾರು ಎಲ್ಲಿ ಕೂರಬೇಕು ಅನ್ನೋದನ್ನ ಬಡಗಿ ತೀರ್ಮಾನಿಸಲಿಲ್ಲ, ಮೇಷ್ಟ್ರೂ ತೀರ್ಮಾನಿಸಲಿಲ್ಲ. ಹುಟ್ಟು ತೀರ್ಮಾನಿಸಿತು.

1856. ಧಾರವಾಡ. ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಿದ. ಅವನು ಕೇಳಿದ್ದು ಮುಂದಿನ ಸಾಲಲ್ಲ, ಮೆತ್ತನೆ ಆಸನವಲ್ಲ. ಒಂದು ಮೂಲೆ ಸಿಕ್ಕಿದ್ದರೂ ಸಾಕಿತ್ತು. ಮುಂಬಯಿ ಸರ್ಕಾರ ಏನು ಮಾಡಿತು ಗೊತ್ತೆ? ನ್ಯಾಯ ಹುಡುಗನ ಕಡೆಗಿದೆ ಅಂತ ಒಪ್ಪಿಕೊಂಡೇ ಅವನನ್ನು ಹೊರಗಿಟ್ಟಿತು. ಒಬ್ಬನಿಗೋಸ್ಕರ ಉಳಿದ ಜಾತಿಯವರು ಶಾಲೆ ಬಿಟ್ಟು ಹೋದರೆ ಗತಿಯೇನು ಅನ್ನೋದು ಅದರ ಭಯ. ನ್ಯಾಯ ಗೊತ್ತಿದ್ದೂ ಜಾಗ ಕೊಡದ ಈ ಜಾಣತನ ಕಂಪನಿ ಸರ್ಕಾರದ ಜೊತೆಗೇ ಸತ್ತುಹೋಯಿತೆ? ಇಲ್ಲ.

1858ರಲ್ಲಿ ಕಂಪನಿಯ ನಿರ್ದೇಶಕರು ಸರ್ಕಾರಿ ಶಾಲೆ ಎಲ್ಲರಿಗೂ ತೆರೆದಿರಬೇಕು ಅಂದರು. 1882ರಲ್ಲಿ ನೇಮಕವಾದ ಹಂಟರ್ ಆಯೋಗವೂ ಈ ತತ್ವವನ್ನೇ ಎತ್ತಿಹಿಡಿಯಿತು. ಆದರೆ ಊರವರ ವಿರೋಧ ಇರೋ ಕಡೆ ಬೇರೆ ಶಾಲೆ ಮಾಡಬಹುದು ಅಂತ ದಾರಿಯನ್ನೂ ತೋರಿಸಿತು. ಬಾಗಿಲು ಕಾಗದದ ಮೇಲೆ ತೆರೆಯಿತು. ನಮ್ಮವರು ಒಳಗೆ ಕಾಲಿಟ್ಟ ಕಡೆಯೂ ಜಗಲಿಯಲ್ಲೋ ಮೂಲೆಯಲ್ಲೋ ನಿಂತರು.

ಆ ಮೂಲೆ ಹೇಗಿತ್ತು ಅನ್ನೋದನ್ನ ಬಾಬಾಸಾಹೇಬರೇ ಬರೆದಿಟ್ಟಿದ್ದಾರೆ. ಸಾತಾರೆಯ ಶಾಲೆಯಲ್ಲಿ ಅವರು ಬೇರೆಯವರಿಂದ ದೂರ, ತಮ್ಮದೇ ಗೋಣಿತಟ್ಟಿನ ಮೇಲೆ ಕೂರಬೇಕಿತ್ತು. ಶಾಲೆ ಗುಡಿಸುವ ಆಳು ಆ ತಟ್ಟನ್ನು ಮುಟ್ಟುತ್ತಿರಲಿಲ್ಲ. ಅದಕ್ಕೇ ಸಂಜೆ ಮನೆಗೆ ಹೊತ್ತೊಯ್ಯಬೇಕು, ಬೆಳಿಗ್ಗೆ ಮತ್ತೆ ಹೊತ್ತು ತರಬೇಕು. ಬಾಯಾರಿದರೆ ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ಇಲ್ಲ ಅಂದರೆ ನೀರಿಲ್ಲ. ಇಂದು 'ಎತ್ತಿಕೊಂಡು ಹೋಗಬಹುದಾದ ಆಸನ' ಅಂತ ಹೊಗಳುವವರು ಈ ಗೋಣಿತಟ್ಟನ್ನು ಒಂದು ಸಲ ನೆನೆಯಲಿ. ಈ ದೇಶದಲ್ಲಿ ಅದನ್ನ ಮೊದಲು ಹೊತ್ತವರು ನಮ್ಮ ಮಕ್ಕಳೇ. ತಟ್ಟು ದಿನಾ ಓಡಾಡಿತು, ಅದನ್ನು ಹಾಸುವ ಮೂಲೆ ಮಾತ್ರ ಅಲ್ಲಾಡಲಿಲ್ಲ.

1950ರಲ್ಲಿ ಸಂವಿಧಾನ ಬಂತು. 17ನೆಯ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. 1955ರಲ್ಲಿ ಅದಕ್ಕೆ ಶಿಕ್ಷೆಯ ಕಾಯಿದೆಯೂ ಬಂತು. ಆಮೇಲೆ ಶಾಲೆಗೆ ಹೋದ ನಮಗೆ 'ಮೂಲೇಲಿ ಕೂತ್ಕೊಳ್ರೋ' ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾವೇ ಹೋಗಿ ಹಿಂದೆ ಕೂತೆವು. ಕೇರಿಯಿಂದ ಒಟ್ಟಿಗೆ ಬಂದವರು ಒಟ್ಟಿಗೇ ಕೂತೆವು. ಮುಂದಿನ ಸಾಲು ಖಾಲಿ ಇದ್ದರೂ ಕಾಲು ಅತ್ತ ಹೋಗಲಿಲ್ಲ. ಅಪ್ಪಂದಿರು ಹೊತ್ತ ಗೋಣಿತಟ್ಟು ನಮ್ಮ ಬೆನ್ನಿಗೆ ಅಂಟಿಕೊಂಡೇ ಬಂದಿತ್ತು.

ಅದಕ್ಕೇ 'ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ' ಅನ್ನೋ ಸ್ವಾತಂತ್ರ್ಯದ ಬಗ್ಗೆ ನಮಗೆ ಅನುಮಾನ. ಇಷ್ಟ ಬಂದ ಕಡೆ ಅಂದರೆ ಜಾತಿಯ ಪಕ್ಕ ಜಾತಿ ಕೂರುತ್ತೆ. 2023ರಲ್ಲಿ ತಮಿಳುನಾಡಿನ ನಾಂಗುನೇರಿಯಲ್ಲಿ ಜೊತೆಗೆ ಓದುವ ಹುಡುಗರೇ ಒಬ್ಬ ದಲಿತ ಹುಡುಗನ ಮನೆಗೆ ನುಗ್ಗಿ ಮಚ್ಚು ಬೀಸಿದರು. ಆಮೇಲೆ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಕೆ. ಚಂದ್ರು ಸಮಿತಿ 2024ರಲ್ಲಿ ವರದಿ ಕೊಟ್ಟಿತು. ಅದರ ಸಲಹೆಗಳಲ್ಲಿ ಒಂದು, ಮಕ್ಕಳನ್ನು ಹೆಸರಿನ ಅಕ್ಷರದ ಕ್ರಮದಲ್ಲಿ ಕೂರಿಸಿ ಅನ್ನೋದು. ನ್ಯಾಯಮೂರ್ತಿಗಳು ಬೆಂಚಿನ ಮಾತು ಯಾಕೆ ಆಡಿದರು? ಪಕ್ಕದಲ್ಲಿ ಕೂರದವನು ಪಕ್ಕದ ಮನೆಯವನನ್ನೂ ಮನುಷ್ಯ ಅಂತ ಕಲಿಯಲಾರ.

ನಮ್ಮಲ್ಲೇ ಒಂದು ಮಾದರಿ ಹುಟ್ಟಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾಯಿತು. 2009ರಿಂದ ರಾಜ್ಯದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆ ಹಬ್ಬಿತು. ಅಲ್ಲಿ ಸಾಲಿಲ್ಲ, ಗುಂಪಿದೆ. ಮಗು ಯಾವ ಗುಂಪಿನಲ್ಲಿ ಕೂರಬೇಕು ಅನ್ನೋದನ್ನ ಕಲಿಕೆಯ ಏಣಿ ಹೇಳುತ್ತೆ, ಕೇರಿ ಹೇಳೋಲ್ಲ. ಒಂದು ಮೆಟ್ಟಿಲು ಹತ್ತಿದರೆ ಜಾಗವೂ ಬದಲು, ಜೊತೆಯೂ ಬದಲು. ಈ ಏಣಿ ಬಡವರ ಮಕ್ಕಳ ಶಾಲೆಯಲ್ಲಿದೆ. ಉಳ್ಳವರು ತಮ್ಮ ಮಕ್ಕಳನ್ನು ಬೇರೆ ಶಾಲೆಗೆ ಕಳಿಸಿದರೆ ಯಾರ ಜೊತೆ ಯಾರು ಕೂರೋದು?

ನಾವು ಕೇಳೋದು ಬಣ್ಣದ ಕುರ್ಚಿಯಲ್ಲ. ಮಕ್ಕಳ ಜಾಗ ವಾರವಾರ ಬದಲಾಗಲಿ, ಹಾಜರಿ ಪುಸ್ತಕದ ಲೆಕ್ಕದಲ್ಲಿ ಬದಲಾಗಲಿ, ಯಾರ ದಯೆಯಿಂದಲೂ ಬೇಡ. ನೀರಿನ ಲೋಟ, ಊಟದ ಪಂಕ್ತಿ ಅದರ ಜೊತೆಗೇ ಬದಲಾಗಲಿ. ಧಾರವಾಡದ ಆ ಹುಡುಗನ ಅರ್ಜಿ ಇನ್ನೂ ಮೇಜಿನ ಮೇಲಿದೆ.