ಸಕ್ಕರೆ ನಾರ್ಮಲ್ ಎಂಬ ವರದಿಯ ಹಿಂದೆ

ಐದು ಎಂ.ಎಲ್. ಬೆನೆಡಿಕ್ಟ್ ದ್ರಾವಣ, ಎಂಟು ಹನಿ ಮೂತ್ರ, ಕುದಿಸು, ಬಣ್ಣ ನೋಡು. ಮೈಸೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿದಾಗ ನಾನು ಕಲಿತ ಮೊದಲ ಕೆಲಸ ಇದು. ನೀಲಿ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ ದಾಟಿ ಇಟ್ಟಿಗೆ ಕೆಂಪಿಗೆ ಬಂದರೆ ರೋಗಿಯನ್ನು ಕೂರಿಸಿ ಮಾತಾಡಬೇಕು. ಆದರೆ ರಕ್ತದ ಸಕ್ಕರೆ ಸುಮಾರು 180 ದಾಟುವವರೆಗೆ ಮೂತ್ರ ಬಾಯಿ ಬಿಡುವುದಿಲ್ಲ. ರಕ್ತದ ಸಕ್ಕರೆಯಾದರೂ ಏರುವುದು ತಡವಾಗಿಯೇ. ಅದಕ್ಕೂ ಎಷ್ಟೋ ವರ್ಷ ಮೊದಲೇ ದೇಹ ಇನ್ಸುಲಿನ್ನಿನ ಮಾತು ಕೇಳುವುದನ್ನು ಬಿಟ್ಟಿರುತ್ತದೆ; ಇದೇ ಇನ್ಸುಲಿನ್ ಪ್ರತಿರೋಧ. ಮೇದೋಜೀರಕ ಗ್ರಂಥಿ ದುಪ್ಪಟ್ಟು ಇನ್ಸುಲಿನ್ ಸುರಿದು ಸಕ್ಕರೆಯನ್ನು ಹದ್ದಿನಲ್ಲಿ ಇಟ್ಟಿರುತ್ತದೆ. ವರದಿಯಲ್ಲಿ ಮಾತ್ರ ‘ನಾರ್ಮಲ್’.

ಈ ಸಂಗತಿಯನ್ನು ಮೊದಲು ಗಟ್ಟಿಯಾಗಿ ಹೇಳಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ಹೆರಾಲ್ಡ್ ಹಿಮ್ಸ್‌ವರ್ತ್, 1936ರಲ್ಲಿ. ಸಕ್ಕರೆ ಕಾಯಿಲೆ ಎಂದರೆ ಇನ್ಸುಲಿನ್ ಕೊರತೆ, ಅಷ್ಟೇ ಎಂದು ಎಲ್ಲರೂ ನಂಬಿದ್ದ ಕಾಲ. ಅವರು ರೋಗಿಗೆ ಗ್ಲೂಕೋಸ್ ಕುಡಿಸಿ, ಜೊತೆಗೇ ರಕ್ತನಾಳಕ್ಕೆ ಇನ್ಸುಲಿನ್ ಚುಚ್ಚಿ, ಮತ್ತೆ ಮತ್ತೆ ರಕ್ತ ತೆಗೆದು ನೋಡಿದರು. ಕೆಲವರಲ್ಲಿ ಸಕ್ಕರೆ ಏರಲೇ ಇಲ್ಲ. ಇನ್ನು ಕೆಲವರಲ್ಲಿ, ಇನ್ಸುಲಿನ್ ಕೊಟ್ಟೇ ಇಲ್ಲವೇನೋ ಎಂಬಂತೆ ಏರಿತು. ಇವು ಎರಡು ಬೇರೆ ರೋಗಗಳು ಎಂದರು. ಆದರೆ ರಕ್ತದಲ್ಲಿರುವ ಇನ್ಸುಲಿನ್ನನ್ನು ಅಳೆಯುವ ಸುಲಭ ದಾರಿ ಯಾರ ಕೈಯಲ್ಲೂ ಇರಲಿಲ್ಲ.

ಆ ದಾರಿ ತೆರೆದದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಮಾಜಿ ಸೈನಿಕರ ಆಸ್ಪತ್ರೆಯಲ್ಲಿ. ರೊಸಾಲಿನ್ ಯಾಲೊ ಭೌತವಿಜ್ಞಾನಿ, ಸಾಲೊಮನ್ ಬರ್ಸನ್ ವೈದ್ಯ. ಜಾಡಮಾಲಿಯ ಸಾಮಾನಿನ ಕೋಣೆಯನ್ನೇ ಯಾಲೊ ತಮ್ಮ ಪ್ರಯೋಗಾಲಯ ಮಾಡಿಕೊಂಡಿದ್ದರಂತೆ. ನಮ್ಮ ಕಡೆಯ ಎಷ್ಟೋ ಲ್ಯಾಬುಗಳ ನೆನಪಾಗಿ ನನಗೆ ಈ ವಿವರ ಬಹಳ ಇಷ್ಟ. ಇನ್ಸುಲಿನ್ ಚುಚ್ಚಿಸಿಕೊಂಡವರ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ ಎಂದು ಅವರು ಬರೆದಾಗ ಪತ್ರಿಕೆ ಲೇಖನವನ್ನು ತಿರಸ್ಕರಿಸಿತು. ಆ ತಿರಸ್ಕಾರದ ಪತ್ರವನ್ನು ಯಾಲೊ ಜೋಪಾನವಾಗಿಟ್ಟು, ಮುಂದೆ ನೊಬೆಲ್ ಭಾಷಣದಲ್ಲಿ ತೋರಿಸಿದರು. ಅದೇ ಪ್ರತಿಕಾಯವನ್ನು ಅಳತೆಗೋಲಾಗಿಸಿ, ವಿಕಿರಣಶೀಲ ಅಯೋಡಿನ್ ಅಂಟಿಸಿದ ಇನ್ಸುಲಿನ್ನಿನ ಜೊತೆ ರೋಗಿಯ ಇನ್ಸುಲಿನ್ನನ್ನು ಪೈಪೋಟಿಗೆ ಬಿಟ್ಟರು. 1960ರಲ್ಲಿ ಪ್ರಕಟವಾದ ಆ ವಿಧಾನ ತೋರಿಸಿದ್ದು ಏನು? ನಡುವಯಸ್ಸಿನಲ್ಲಿ ಮಧುಮೇಹ ಬಂದ ಎಷ್ಟೋ ಮಂದಿಯ ರಕ್ತದಲ್ಲಿ ಇನ್ಸುಲಿನ್ ಕಡಿಮೆಯಿರಲಿಲ್ಲ, ಹೆಚ್ಚೇ ಇತ್ತು. ಹಿಮ್ಸ್‌ವರ್ತ್ ಹೇಳಿದ್ದಕ್ಕೆ ಸಾಕ್ಷಿ ಸಿಕ್ಕಿತು. ಇಬ್ಬರೂ ಪೇಟೆಂಟ್ ತೆಗೆದುಕೊಳ್ಳಲಿಲ್ಲ. 1977ರಲ್ಲಿ ನೊಬೆಲ್ ಬಂದಾಗ ಬರ್ಸನ್ ತೀರಿಕೊಂಡು ಐದು ವರ್ಷವಾಗಿತ್ತು.

ಇನ್ಸುಲಿನ್ ಪ್ರತಿರೋಧವನ್ನು ಅಳೆಯಲು 1979ರಲ್ಲಿ ಡಿಫ್ರಾಂಜೊ, ಟೋಬಿನ್, ಆಂಡ್ರೆಸ್ ವಿವರಿಸಿದ ‘ಕ್ಲ್ಯಾಂಪ್’ ಇಂದಿಗೂ ಅತ್ಯಂತ ನಿಖರ. ಎರಡು ಗಂಟೆ ಇನ್ಸುಲಿನ್ ಹರಿಸುತ್ತಾ, ಐದೈದು ನಿಮಿಷಕ್ಕೆ ಸಕ್ಕರೆ ನೋಡುತ್ತಾ, ಅದು ಇಳಿಯದಂತೆ ಗ್ಲೂಕೋಸ್ ಕೊಡುತ್ತಿರಬೇಕು. ಸಂಶೋಧನೆಗೆ ಸರಿ, ಓ.ಪಿ.ಡಿ.ಗೆ ಆಗದ ಮಾತು.

ಆಕ್ಸ್‌ಫರ್ಡಿನ ಡೇವಿಡ್ ಮ್ಯಾಥ್ಯೂಸ್ ಮತ್ತು ಸಂಗಡಿಗರು 1985ರಲ್ಲಿ ಕೊಟ್ಟ ಹೋಮಾ ಸೂತ್ರದಿಂದ ಕೆಲಸ ಒಂದೇ ಸೂಜಿಗೆ ಇಳಿಯಿತು. ಖಾಲಿ ಹೊಟ್ಟೆಯ ಸಕ್ಕರೆಯನ್ನು ಖಾಲಿ ಹೊಟ್ಟೆಯ ಇನ್ಸುಲಿನ್ನಿನಿಂದ ಗುಣಿಸಿ 405ರಿಂದ ಭಾಗಿಸುವುದು. ಈ 405 ಆಕಾಶದಿಂದ ಉದುರಿದ್ದಲ್ಲ: ಆರೋಗ್ಯವಂತನ ಸಕ್ಕರೆ 81, ಇನ್ಸುಲಿನ್ 5 ಎಂದಿಟ್ಟುಕೊಂಡರೆ ಗುಣಲಬ್ಧ ಅಷ್ಟೇ, ಉತ್ತರ 1. ಸಕ್ಕರೆ 90 ಇರುವ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬರ ಇನ್ಸುಲಿನ್ 4.5, ಇನ್ನೊಬ್ಬರದು 18. ಮೊದಲನೆಯವರಿಗೆ 1, ಎರಡನೆಯವರಿಗೆ 4; ಅಂಕಿ ಏರಿದಷ್ಟೂ ಪ್ರತಿರೋಧ ಹೆಚ್ಚು. ಬರೀ ಶುಗರ್ ನೋಡಿದ್ದರೆ ಇಬ್ಬರೂ ನಾರ್ಮಲ್.

ಆದರೆ ಇನ್ಸುಲಿನ್ ನಾಜೂಕಿನ ವಸ್ತು. ರಕ್ತ ತೆಗೆಯುವಾಗ ಅವಸರಪಟ್ಟು ಕೆಂಪು ಕಣಗಳು ಒಡೆದರೆ ಅವುಗಳೊಳಗಿನ ಕಿಣ್ವ ಇನ್ಸುಲಿನ್ನನ್ನು ತಿಂದುಹಾಕುತ್ತದೆ, ಅಂಕಿ ಸುಳ್ಳಾಗಿ ಇಳಿಯುತ್ತದೆ. ಸೀರಮ್ ಕೆಂಪಗಿದ್ದರೆ ನಾನು ಮುಲಾಜಿಲ್ಲದೆ ಮತ್ತೆ ರಕ್ತ ಕೊಡಲು ಹೇಳುತ್ತಿದ್ದೆ, ಬೈಗುಳವನ್ನೂ ತಿಂದಿದ್ದೇನೆ. ಒಂದು ಲ್ಯಾಬಿನ ಕಿಟ್‌ಗೂ ಇನ್ನೊಂದರ ಕಿಟ್‌ಗೂ ಲೆಕ್ಕ ಕೂಡುವುದೂ ಕಷ್ಟ.

ಹಾಗಾಗಿ ನನ್ನ ಮೆಚ್ಚುಗೆ 2003ರಲ್ಲಿ ಸ್ಟ್ಯಾನ್‌ಫರ್ಡಿನ ಮೆಕ್‌ಲಾಫ್ಲಿನ್, ರೀವನ್ ಮತ್ತಿತರರು ತೋರಿಸಿದ ದಾರಿಗೆ. ಇನ್ಸುಲಿನ್ ಪ್ರತಿರೋಧವಿದ್ದಾಗ ಯಕೃತ್ತು ಟ್ರೈಗ್ಲಿಸರೈಡ್ ಹೆಚ್ಚು ಸುರಿಯುತ್ತದೆ, ಎಚ್‌ಡಿಎಲ್ ಕುಸಿಯುತ್ತದೆ. ತೂಕ ಹೆಚ್ಚಿದ್ದವರನ್ನು ಪರೀಕ್ಷಿಸಿದ ಅವರು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ 3 ಅಥವಾ ಹೆಚ್ಚು ಬಂದರೆ ಅನುಮಾನಿಸಿ ಎಂದರು. ಹೊಸ ಕಿಟ್ ಬೇಡ, ಹೊಸ ಯಂತ್ರ ಬೇಡ. ಆಫ್ರಿಕನ್ ಅಮೆರಿಕನ್ನರಲ್ಲಿ ಈ ಲೆಕ್ಕ ಕೈಕೊಡುತ್ತದೆ ಎಂದು ಬೇಗನೇ ತಿಳಿಯಿತು. ಎಲ್ಲರಿಗೂ ಒಂದೇ ಗೆರೆ ಎಳೆಯಲಾಗದು.

ನಮ್ಮ ಗೆರೆಯೂ ಬೇರೆಯೇ ಇರಬಹುದು ಎನ್ನಲು ಮೈಸೂರೇ ಕಾರಣ ಕೊಟ್ಟಿದೆ. ನಾವೆಲ್ಲ ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಸುತ್ತಳತೆ ಬರೆದಿಟ್ಟಿದ್ದರು. ಸಂಶೋಧಕಿ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಆ ಶಿಶುಗಳನ್ನು ದೊಡ್ಡವರಾದ ಮೇಲೆ ಹುಡುಕಿ ರಕ್ತ ಪರೀಕ್ಷಿಸಿದರು. 1998ರ ಅವರ ವರದಿಯ ಪ್ರಕಾರ ಮಧುಮೇಹ ಹೆಚ್ಚಿದ್ದದ್ದು, ಹುಟ್ಟುವಾಗ ಉದ್ದ ಕಡಿಮೆಯಿದ್ದು ಉದ್ದಕ್ಕೆ ಮೀರಿ ದಪ್ಪಗಿದ್ದವರಲ್ಲಿ. ಹುಟ್ಟುವಾಗ ತೂಕ ಕಡಿಮೆಯಿದ್ದವರಿಗೆ ಮಧುಮೇಹ ಹೆಚ್ಚು ಎಂಬ ಇಂಗ್ಲೆಂಡಿನ ಪಾಠ ಇಲ್ಲಿ ಹಾಗೆಯೇ ಹೊಂದಲಿಲ್ಲ. ಯಾರೋ ಸೂಲಗಿತ್ತಿಯರು, ನರ್ಸ್‌ಗಳು ಶ್ರದ್ಧೆಯಿಂದ ತುಂಬಿದ ದಫ್ತರ ಅಷ್ಟು ವರ್ಷದ ಮೇಲೆ ಕೆಲಸಕ್ಕೆ ಬಂತು.

ನಿಮ್ಮ ಮನೆಯ ಕಡತದಲ್ಲೂ ಹಳೆಯದೊಂದು ಲಿಪಿಡ್ ವರದಿ ಇದ್ದೇ ಇರುತ್ತದೆ. ಖಾಲಿ ಹೊಟ್ಟೆಯದ್ದಾದರೆ ಅದರ ಟ್ರೈಗ್ಲಿಸರೈಡ್ ಅಂಕಿಯನ್ನು ಎಚ್‌ಡಿಎಲ್ ಅಂಕಿಯಿಂದ ಭಾಗಿಸಿ ನೋಡಿ. ಮೂರು ಅಥವಾ ಹೆಚ್ಚು ಬಂದರೆ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ, ಕಾಗದ ಹಿಡಿದುಕೊಂಡು ಹೋಗಿ ನಿಮ್ಮ ಡಾಕ್ಟರನ್ನು ಕೇಳಿ.