ನಾಯಂಡಹಳ್ಳಿ: ಬೆಂಗಳೂರಿನ ಪೇಟೆಗೆ ಪಡುವಣ ದಾರಿ

ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವಲ್ಲಿ, ವೃಷಭಾವತಿಯ ಬದಿಗೆ ನಾಯಂಡಹಳ್ಳಿ ಇದೆ. ಪಿನ್‌ಕೋಡ್ 560039. ಬಿಬಿಎಂಪಿಗೆ 198 ವಾರ್ಡ್‌ಗಳಿದ್ದ ಕಾಲದಲ್ಲಿ ಇದು 131ನೆಯ ವಾರ್ಡ್. ವಿಧಾನಸಭೆಗೆ ಗೋವಿಂದರಾಜನಗರ ಕ್ಷೇತ್ರ. 1882ರಲ್ಲಿ ಪೂರ್ಣಗೊಂಡ ಬೆಂಗಳೂರು–ಮೈಸೂರು ರೈಲು ಮಾರ್ಗದಲ್ಲಿ ಊರಿನದೇ ಪುಟ್ಟ ನಿಲ್ದಾಣವಿದೆ. ಅಂಕಿಸಂಖ್ಯೆ ಇಷ್ಟು ಸಾಕು. ಇಂದು ಈ ಹೆಸರು ಹೇಳಿದರೆ ಬಹುಪಾಲು ಜನರಿಗೆ ನೆನಪಾಗುವುದು ಮೇಲ್ಸೇತುವೆ ಮತ್ತು ಟ್ರಾಫಿಕ್. ಆದರೆ ಬೆಂಗಳೂರಿನ ವ್ಯಾಪಾರದ ಕಥೆಯಲ್ಲಿ ಈ ಊರಿಗೆ ಅದಕ್ಕಿಂತ ದೊಡ್ಡ ಜಾಗವಿದೆ.

ಹೆಸರಿನ ವಿಷಯದಲ್ಲಿ ಊರವರಿಗೆ ಒಂದು ಕೊರಗು ಉಳಿಯುವುದು ಸಹಜ. ಮೆಟ್ರೊದ ನೇರಳೆ ಮಾರ್ಗ 2016ರ ಏಪ್ರಿಲ್ ಕೊನೆಗೆ ಪೂರ್ವದಿಂದ ಪಶ್ಚಿಮದವರೆಗೆ ಓಡತೊಡಗಿದಾಗ ಎಲ್ಲರ ಬಾಯಲ್ಲೂ 'ಬೈಯಪ್ಪನಹಳ್ಳಿ–ನಾಯಂಡಹಳ್ಳಿ' ಎಂದೇ ಇತ್ತು. ಕೊನೆಯ ನಿಲ್ದಾಣದ ಫಲಕದ ಮೇಲೆ ಮಾತ್ರ ಬಂದದ್ದು 'ಮೈಸೂರು ರಸ್ತೆ'. 2021ರ ಆಗಸ್ಟ್‌ನಲ್ಲಿ ಮಾರ್ಗ ಕೆಂಗೇರಿಗೆ ಮುಂದುವರಿದಾಗ ಊರಿನ ಹೆಸರು ಫಲಕ ಏರಿತು; ಈಗ ಅದೂ ಪಕ್ಕದ ಪಂತರಪಾಳ್ಯದ ಜೊತೆಯಲ್ಲಿದೆ.

ಮೈಸೂರು ರಸ್ತೆಗೆ ವ್ಯಾಪಾರ ಹೊಸದಲ್ಲ. ರಾಮನಗರದ ರೇಷ್ಮೆಗೂ ಚನ್ನಪಟ್ಟಣದ ಬಣ್ಣದ ಗೊಂಬೆಗೂ ಬೆಂಗಳೂರಿಗೆ ಇದೇ ರಸ್ತೆ. ಇದು ಹೋಗಿ ಮುಟ್ಟುವುದು ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆಯನ್ನು. ಅಕ್ಕಿಪೇಟೆ, ರಾಗಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂದು ಕಸುಬಿಗೊಂದು, ಸರಕಿಗೊಂದು ಬೀದಿ. ಒಂದೇ ಸರಕಿನ ಹತ್ತಾರು ಅಂಗಡಿಗಳು ಸಾಲಾಗಿ ಕೂರುವ ಆ ಪದ್ಧತಿ ಇನ್ನೂ ಅಳಿದಿಲ್ಲ. ಕೈಯಲ್ಲಿ ಕಾಸು ಕಡಿಮೆ ಇರುವವರಿಗೆ ಇದೇ ದೊಡ್ಡ ಅನುಕೂಲ: ನಾಲ್ಕು ಅಂಗಡಿ ಹತ್ತಿ ಇಳಿಯುವಷ್ಟರಲ್ಲಿ ನಿಜವಾದ ಬೆಲೆ ತಿಳಿದುಬಿಡುತ್ತದೆ.

ನಾಯಂಡಹಳ್ಳಿಯಲ್ಲಿ ಮೆಟ್ರೊ ಹತ್ತಿದರೆ ನಾಲ್ಕನೆಯ ನಿಲ್ದಾಣ ವಿಜಯನಗರ. ತಳ್ಳುಗಾಡಿಯ ತರಕಾರಿಯಿಂದ ಹಿಡಿದು ಸಿದ್ಧ ಉಡುಪಿನವರೆಗೆ ಪಶ್ಚಿಮ ಬೆಂಗಳೂರಿನ ದಿನಬಳಕೆಯ ಪೇಟೆ ಇದು. ನೆಲದಡಿಯ ಹವಾನಿಯಂತ್ರಿತ ಪಾಲಿಕೆ ಬಜಾರ್ 2024ರಲ್ಲಿ ಇಲ್ಲೇ ತೆರೆಯಿತು. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಒಂದು ನಿಲ್ದಾಣಕ್ಕೆ ಚಿಕ್ಕಪೇಟೆ, ಎರಡಕ್ಕೆ ಕೆ.ಆರ್. ಮಾರುಕಟ್ಟೆ. 1928ರ ಈ ಮಾರುಕಟ್ಟೆಗೆ ಬೆಳಕು ಹರಿಯುವ ಮೊದಲೇ ಹೋಗಬೇಕು. ಮನೆ ಹತ್ತಿರ ಮೊಳದ ಲೆಕ್ಕದಲ್ಲಿ ಕೊಳ್ಳುವ ಹೂವು ಅಲ್ಲಿ ಮಾರಿನ, ತೂಕದ ಲೆಕ್ಕದಲ್ಲಿ ಸಿಗುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಾತ್ರ ಅಗ್ಗದ ಆಸೆ ಬೇಡ.

ಮದುವೆ ಸೀರೆಗೆ ಚಿಕ್ಕಪೇಟೆ, ವಾದ್ಯಕ್ಕೆ ಬಳೇಪೇಟೆ, ಲಗ್ನಪತ್ರಿಕೆಗೆ ಸುಲ್ತಾನ್‌ಪೇಟೆ, ಹಳೆಯ ಪಠ್ಯಪುಸ್ತಕಕ್ಕೆ ಅವೆನ್ಯೂ ರಸ್ತೆ, ಕಂಪ್ಯೂಟರ್ ಬಿಡಿಭಾಗಕ್ಕೆ ಎಸ್.ಪಿ. ರಸ್ತೆ. ಭಾನುವಾರ ಸಗಟು ಅಂಗಡಿಗಳಲ್ಲಿ ಹೆಚ್ಚಿನವು ಬಾಗಿಲು ಹಾಕುತ್ತವೆ. ಅಂದು ಹಳೆಯ ಉಪಕರಣ, ಗಡಿಯಾರ, ಬಟ್ಟೆಗಳ ಸಂಡೇ ಬಜಾರ್ ಬೀದಿಯಲ್ಲಿ ಹರಡಿಕೊಳ್ಳುತ್ತದೆ. ಅಲ್ಲಿ ಚೌಕಾಸಿ ಮಾಡದೆ ಯಾರೂ ಕೊಳ್ಳುವುದಿಲ್ಲ. ಖರ್ಚಿಗೆ ಹಿಂದೆಗೆಯದವರಿಗೆ ಎಂ.ಜಿ. ರಸ್ತೆಯ ಕಾವೇರಿ ಎಂಪೋರಿಯಂನ ಗಂಧದ ಕೆತ್ತನೆ, 1912ರಿಂದ ನೇಯ್ದು ಬರುತ್ತಿರುವ ಮೈಸೂರು ರೇಷ್ಮೆ, ಯು.ಬಿ. ಸಿಟಿಯ ವಿದೇಶಿ ಮಳಿಗೆಗಳು ಇವೆ. ಮಾಲೇ ಬೇಕೆಂದರೆ ರಾಜಾಜಿನಗರದ ಬದಿಗೆ ಒರಾಯನ್, ರಾಜರಾಜೇಶ್ವರಿನಗರದ ಬದಿಗೆ ಗೋಪಾಲನ್ ಆರ್ಕೇಡ್.

ಪೇಟೆಯ ದಾರಿಯಲ್ಲಿ ಬ್ಯಾಟರಾಯನಪುರದ ಗಾಳಿ ಆಂಜನೇಯನಿದ್ದಾನೆ. ಹೊಸ ಗಾಡಿ ಕೊಂಡವರು ಪೂಜೆಗೆ ತರುತ್ತಾರೆ, ಬೆಚ್ಚಿಬಿದ್ದ ಮಕ್ಕಳಿಗೆ ತಾಯಂದಿರು ತಾಯತ ಕಟ್ಟಿಸುತ್ತಾರೆ, ರಾಮನವಮಿಗೆ ಇಡೀ ರಸ್ತೆ ಜನರಿಂದ ತುಂಬುತ್ತದೆ. ವೃಷಭಾವತಿಗೆ ಪಶ್ಚಿಮವಾಹಿನಿ ಸೇರುವ ಸಂಗಮದಲ್ಲಿ ಮಾಧ್ವ ಯತಿ ವ್ಯಾಸರಾಯರು 1425ರಲ್ಲಿ ಮೂರ್ತಿಯನ್ನು ಪ್ರತಿಷ್ಠಾಪಿಸಿದರೆಂಬುದು ಪ್ರಚಲಿತ ಚರಿತ್ರೆ. ಈ ಇಸವಿ ಮಾತ್ರ ಹೊಂದುವುದಿಲ್ಲ. ವ್ಯಾಸರಾಯರು ಬೃಂದಾವನಸ್ಥರಾದದ್ದು 1539ರಲ್ಲಿ. ಅವರ ಜನನವನ್ನು ಕೆಲವರು 1447 ಎನ್ನುತ್ತಾರೆ, ಕೆಲವರು 1460 ಎನ್ನುತ್ತಾರೆ. ಯಾವುದನ್ನು ಹಿಡಿದರೂ 1425ರಲ್ಲಿ ಅವರಿನ್ನೂ ಹುಟ್ಟಿರಲಿಲ್ಲ.

ಹಾಗೆಂದು ಸ್ಥಳಪುರಾಣವನ್ನೇ ತಳ್ಳಿಹಾಕಬೇಕಿಲ್ಲ. ವ್ಯಾಸರಾಯರು ಹುಟ್ಟಿದ್ದು ಬನ್ನೂರಿನಲ್ಲಿ. ಅವರ ಗುರು ಬ್ರಹ್ಮಣ್ಯತೀರ್ಥರ ಮಠವಿದ್ದದ್ದು ಚನ್ನಪಟ್ಟಣದ ಬಳಿಯ ಅಬ್ಬೂರಿನಲ್ಲಿ. ಈ ಸೀಮೆ ಅವರಿಗೆ ಹೊಸದಲ್ಲ. ಅವರು 732 ಹನುಮಂತನ ಮೂರ್ತಿಗಳನ್ನು ಸ್ಥಾಪಿಸಿದರೆಂದು ಪರಂಪರೆ ಹೇಳುತ್ತದೆ. ಅವುಗಳಲ್ಲಿ ಇದೂ ಒಂದಾಗಿರಬಹುದು. ಆಗ ಪ್ರತಿಷ್ಠೆಯ ಕಾಲ ಹದಿನೈದನೆಯ ಶತಮಾನದ ಕೊನೆಗೋ ಹದಿನಾರರ ಆರಂಭಕ್ಕೋ ಇಳಿಯಬೇಕು. ಇಸವಿ ತಿದ್ದಿದರೆ ದೇವರ ಮಹಿಮೆಗೆ ಕುಂದಿಲ್ಲ, ಊರ ಚರಿತ್ರೆ ಮಾತ್ರ ಗಟ್ಟಿಯಾಗುತ್ತದೆ.

ಸಂಗಮದ ನೀರಿನ ಗತಿ ಎಲ್ಲರ ಕಣ್ಣೆದುರಿಗಿದೆ. ವೃಷಭಾವತಿ ಈಗ ನಗರದ ಕೊಳಚೆ ಹೊತ್ತು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಹೋಗುತ್ತಾಳೆ.

ಇನ್ನು ನಾಯಂಡಹಳ್ಳಿಯ ಸ್ವಂತ ಪೇಟೆ. ಯಾವ ಶಾಪಿಂಗ್ ಪಟ್ಟಿಯಲ್ಲೂ ಅದರ ಹೆಸರಿಲ್ಲ. ಅದು ಪ್ಲಾಸ್ಟಿಕ್ ಗುಜರಿ. ಚಿಕ್ಕಪೇಟೆಯಲ್ಲಾಗಲಿ ಮಾಲ್‌ನಲ್ಲಾಗಲಿ ಕೊಂಡ ಸರಕಿನ ಹೊದಿಕೆ, ಒಡೆದ ಬಕೆಟ್, ಕುರ್ಚಿ, ಹಾಲಿನ ಕವರು ನಗರದ ಮೂಲೆಮೂಲೆಗಳಿಂದ ಇಲ್ಲಿನ ಗೋದಾಮುಗಳಿಗೆ ಬರುತ್ತವೆ. ಮೊದಲು ಬಣ್ಣ ಮತ್ತು ಪ್ಲಾಸ್ಟಿಕ್ಕಿನ ಜಾತಿಯ ಪ್ರಕಾರ ಆರಿಸಬೇಕು: ಎಲ್‌ಡಿ, ಎಚ್‌ಡಿ, ಪಿಪಿ, ಪೆಟ್. ಪಿಪಿ, ಎಚ್‌ಡಿ ನೀರಿನಲ್ಲಿ ತೇಲುತ್ತವೆ. ಪೆಟ್, ಪಿವಿಸಿ ಮುಳುಗುತ್ತವೆ. ಒಂದೊಂದೂ ಒಂದೊಂದು ಕಾವಿಗೆ ಕರಗುವುದರಿಂದ ಬೆರಕೆಯಾದರೆ ಮಾಲೇ ಕೆಟ್ಟುಹೋಗುತ್ತದೆ. ಪಳಗಿದ ಕೈ ಮುಟ್ಟಿಯೇ ಜಾತಿ ಹೇಳುತ್ತದೆ. ಆರಿಸಿದ್ದನ್ನು ಪುಡಿಮಾಡಿ, ತೊಳೆದು, ಒಣಗಿಸಿ, ಕರಗಿಸಿ 'ದಾನಾ' ಎಂಬ ಹರಳು ಮಾಡುತ್ತಾರೆ. ಅದೇ ಪೈಪಾಗಿ, ಬಕೆಟ್ಟಾಗಿ ಮತ್ತೆ ಅಂಗಡಿ ಸೇರುತ್ತದೆ. ಕಡಿಮೆ ಕಾಸಿನವರು ಕೊಳ್ಳುವ ಅಗ್ಗದ ಬಕೆಟ್ಟಿನ ಹಿಂದೆ ಈ ದುಡಿಮೆಯಿದೆ. ಹೀಗೆ ಆರಿಸಿ ಬದುಕುವವರಲ್ಲಿ ಹೆಂಗಸರೇ ಹೆಚ್ಚು. ಧೂಳು, ವಾಸನೆ, ಬೆಂಕಿಯ ಭಯ ಅವರ ನಿತ್ಯದ ಪಾಲು.

ಊರ ಚರಿತ್ರೆ ಬರೆಯುವವರು ದೇವಸ್ಥಾನ, ಕೆರೆ, ರೈಲಿನ ಜೊತೆಗೆ ಈ ಗೋದಾಮುಗಳನ್ನೂ ಬರೆಯಬೇಕು. ಪಕ್ಕದಲ್ಲೇ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಿದೆ, ಕಾಲೇಜುಗಳಿವೆ. ಅಲ್ಲಿನ ವಿದ್ಯಾರ್ಥಿಗಳು ಹಿರಿಯರನ್ನೂ ಗುಜರಿಯ ಹೆಂಗಸರನ್ನೂ ಮಾತಾಡಿಸಿ ದಾಖಲಿಸಲು ತಡಮಾಡಬಾರದು. ಪೇಟೆಗೆ ಹೊರಟವರು ಮನೆಯಿಂದಲೇ ಬಟ್ಟೆಯ ಚೀಲ ಒಯ್ಯಲಿ. ಹಾಲಿನ ಕವರನ್ನು ತೊಳೆದು ಒಣಗಿಸಿ ಬೇರೆಯಾಗಿ ಕೊಡಲಿ. ಆರಿಸುವವರ ಕೆಲಸ ಅಷ್ಟಾದರೂ ಹಗುರಾಗುತ್ತದೆ.